ಬೀಳಲೊಲ್ಲದ ಸವಾರ

ಚರ್ಚಿನ ಹೊಸ್ತಿಲಲ್ಲಿ, ನನ್ನನ್ನು ಹೊತ್ತು ನಿಂತಿದ್ದ ಸಿವೆಕ್ ಜೋರಾಗಿ ಸೀನಿತು. ಒಳಗಿನ ಮೇಣದ ಬತ್ತಿಗಳ ಹೊಗೆ ಆ ಕುದುರೆಗೆ ಆಗಿಬರುವುದಿಲ್ಲ. ನನಗೂ ಅಷ್ಟೇ. ಆದರೆ ಸತ್ತವನ ವೇಷ ಹಾಕಿದವನು ಸೀನಿದರೆ ಮರ್ಯಾದೆ ಏನಾಗಬೇಕು? ಮೂಗು ಬಿಗಿಹಿಡಿದು ಕೂತಿದ್ದೆ.

“ಬೊನಿಫಾತ್ಸಿ ಅಣ್ಣಾ, ಇನ್ನೂ ಯಾಕೆ ತಡ?” ಬಾಗಿಲ ಪಕ್ಕದ ಬೆಂಚಿನಿಂದ ಪಾನ್ ಒನುಫ್ರಿ ಕೇಳಿದ. ನೆರೆಹಳ್ಳಿಯ ಕುಲೀನ, ಪೋಲೆಂಡಿನಲ್ಲಿ ಕುಲೀನರೆಲ್ಲ ‘ಪಾನ್’ಗಳೇ. ಅವನ ಹೊಟ್ಟೆ ಅವನಿಗಿಂತ ಮುಂಚೆ ಚರ್ಚಿಗೆ ಬರುತ್ತದೆ. “ಬೇಗ ಹೋಗಿ ಬಿದ್ದುಬಿಡು. ಅಲ್ಲಿ ಹಂದಿ ಮಾಂಸ ತಣ್ಣಗಾಗ್ತಿದೆ.”

“ತಿನ್ನೋಕೆ ಬಂದವನು ಕಾಯಬೇಕು,” ಅಂದೆ.

ನನ್ನ ಮೈಮೇಲಿದ್ದ ಕೆಂಪು ರೇಷ್ಮೆಯ ನಿಲುವಂಗಿ, ಎದೆಕವಚ, ಹಳದಿ ಬೂಟು, ಕೈಯಲ್ಲಿದ್ದ ಭರ್ಜಿ, ಕೆಳಗಿದ್ದ ಸಿವೆಕ್, ಎಲ್ಲವೂ ಪಾನ್ ಡೊಬ್ರೊಗೊಸ್ತ್ ಗ್ರಾಬೀನ್ಸ್ಕಿಯವರವು. ಅವರು ಒಳಗೆ, ಕಪ್ಪು ಬಟ್ಟೆ ಹೊದಿಸಿದ ಎತ್ತರದ ಮಂಟಪದ ಮೇಲೆ, ಶವಪೆಟ್ಟಿಗೆಯಲ್ಲಿ ಮಲಗಿದ್ದರು. ಎಲೆ ಉದುರುವ ಕಾಲದಲ್ಲಿ ಸತ್ತವರಿಗೆ ಈಗ, ಫೆಬ್ರವರಿಯ ಹಿಮದಲ್ಲಿ, ಮಣ್ಣಾಗುವ ಯೋಗ. ದೂರದ ನೆಂಟರೆಲ್ಲ ಬಂದು ಸೇರುವವರೆಗೆ ದೊಡ್ಡವರ ಹೆಣ ಕಾಯಲೇಬೇಕು.

ಇನ್ನು ನನ್ನ ಕಸುಬು. ಸತ್ತವನ ಬಟ್ಟೆ ತೊಟ್ಟು, ಕುದುರೆಯೇರಿ ಚರ್ಚಿನೊಳಕ್ಕೆ ನುಗ್ಗುತ್ತೇನೆ. ಮಂಟಪಕ್ಕೆ ಗುದ್ದಿ ಭರ್ಜಿ ಮುರಿಯುತ್ತೇನೆ. ಕವಚದ ಸದ್ದು ಕಮಾನುಗಳಲ್ಲೆಲ್ಲ ಮೊಳಗುವ ಹಾಗೆ ಕಲ್ಲುನೆಲದ ಮೇಲೆ ಬೀಳುತ್ತೇನೆ. ನಾನು ಬಿದ್ದ ಮೇಲೇ ಸತ್ತವನು ಸತ್ತ ಲೆಕ್ಕ. ಆಮೇಲೆ ಅವನು ಪತ್ರಗಳಿಗೆ ಒತ್ತುತ್ತಿದ್ದ ಮುದ್ರೆ ಒಡೆಯುತ್ತಾರೆ, ಪೆಟ್ಟಿಗೆ ನೆಲಮಾಳಿಗೆಗೆ ಇಳಿಯುತ್ತದೆ, ವಾರಸುದಾರ ಒಡೆಯನಾಗುತ್ತಾನೆ.

ನನ್ನ ಮನೆತನದ ಹೆಸರು ಕುರೊಪಾತ್ವ, ಜನ ನನ್ನನ್ನು ‘ಬೀಳುವ ಕುರೊಪಾತ್ವ’ ಅನ್ನುತ್ತಾರೆ. ಅನ್ನಲಿ. ನನಗೆ ಜಮೀನಿಲ್ಲ, ಮನೆಯ ಮಾಡು ಸೋರುತ್ತದೆ. ಆದರೂ ಹುಟ್ಟಿನಿಂದ ನಾನು ಕುಲೀನ, ಸೊಂಟದಲ್ಲಿ ಕತ್ತಿಯಿದೆ, ವಿಯೆನ್ನಾದ ಗೋಡೆಯ ಕೆಳಗೆ ಅದು ತುರ್ಕರ ಜೊತೆ ಮಾತಾಡಿದೆ. ನಮ್ಮಲ್ಲಿ ಕತ್ತಿ ಕಟ್ಟಿದ ಎಲ್ಲರೂ ಎಲ್ಲರಿಗೂ ಅಣ್ಣಂದಿರೇ, ಅರಮನೆಯವನಿರಲಿ, ಸೋರುವ ಮನೆಯವನಿರಲಿ.

ಆದರೆ ಈವತ್ತು ನಾನು ಬಿದ್ದರೆ ಒಬ್ಬನ ಜೀವ ಹೋಗುತ್ತದೆ.

ಅವನ ಹೆಸರು ವಾಲೆಂತಿ. ಡೊಬ್ರೊಗೊಸ್ತರ ಲಾಯ ನೋಡಿಕೊಳ್ಳುತ್ತಿದ್ದ ಜೀತದಾಳು. ನಾನು ಬಿದ್ದಾಗ ಎಲ್ಲಿ ಕಾಲಿಡಬಾರದು ಎಂದು ಈ ಸೀಮೆಯ ಕುದುರೆಗಳಿಗೆ ಕಲಿಸಿದವನು ಅವನೇ. ಇಷ್ಟು ವರ್ಷ ನನ್ನ ಕುತ್ತಿಗೆ ನೆಟ್ಟಗಿರುವುದು ಅವನ ಪುಣ್ಯದಿಂದ. ಒಡೆಯರ ಜೀನಿನ ಹೊಟ್ಟೆಪಟ್ಟಿ ಕೊಯ್ದು ಅವರನ್ನು ಕೆಡವಿ ಕೊಂದ ಎಂದು ಅವನ ಮೇಲೆ ಆರೋಪ. ಒಡೆಯನ ಹೆಣ ಮಣ್ಣಾಗುವ ಮುಂಚೆ ಗಲ್ಲು ಹಾಕುವ ಪದ್ಧತಿಯಿಲ್ಲ. ಹಾಗಾಗಿ ಹೊರಗೆ, ಚರ್ಚಿನ ಅಂಗಳದ ಮರದಲ್ಲಿ, ಹಗ್ಗ ಬೆಳಗಿನಿಂದ ನನ್ನ ಬೀಳುವಿಕೆಯನ್ನೇ ಕಾಯುತ್ತಿತ್ತು.

ಬೆಳಗ್ಗೆ ವೇಷ ಹಾಕಿಕೊಳ್ಳುವ ಮುಂಚೆ ನಾನು ಶವಪೆಟ್ಟಿಗೆಯ ಚಿತ್ರ ನೋಡಲು ಹೋಗಿದ್ದೆ. ಪ್ರತಿಸಲ ನೋಡುತ್ತೇನೆ. ಸತ್ತವನ ಮುಖ ನನ್ನ ಮುಖದ ಮೇಲೆ ಕೂರಬೇಕಲ್ಲ, ಮೀಸೆ ಎಷ್ಟು ತಿರುವಬೇಕು, ಹುಬ್ಬು ಎಷ್ಟು ಗಂಟಿಕ್ಕಬೇಕು ಎಂದು ಅದರಿಂದಲೇ ಕಲಿಯುವುದು.

ಚಿತ್ರ ಬರೆದ ಉರ್ಶುಲಾ ಅಲ್ಲೇ ಇದ್ದಳು. ಲೆಶ್ನೊ ಪಟ್ಟಣದವಳು, ಚಿತ್ರಕಾರನ ವಿಧವೆ. ಗಂಡ ಸತ್ತ ಮೇಲೆ ಕುಂಚ ಕೆಳಗಿಡು ಎಂದು ಅಲ್ಲಿನ ಚಿತ್ರಕಾರರ ಸಂಘ ಹೇಳಿದ್ದಕ್ಕೆ, ಇನ್ನೊಂದು ಕುಂಚ ಕೊಂಡವಳು. ಆರು ಮೂಲೆಯ ತವರದ ತಗಡಿನ ಮೇಲೆ ಡೊಬ್ರೊಗೊಸ್ತರ ಮುಖವನ್ನು ನಿಜ ಮುಖದಷ್ಟೇ ದೊಡ್ಡದಾಗಿ ಬರೆದಿದ್ದಳು. ಬೋಳಿಸಿದ ತಲೆ, ನಡುನೆತ್ತಿಯ ಜುಟ್ಟು, ಮೂಗಿನ ಪಕ್ಕದ ನರಹುಲಿ, ಒಂದಿಷ್ಟು ಮೆಳ್ಳೆಗಣ್ಣು. ಆ ಕಣ್ಣು ನೇರವಾಗಿ ನನ್ನನ್ನೇ ನೋಡುತ್ತಿತ್ತು. ಚಿತ್ರ ಅಂದರೆ ಹಾಗಿರಬೇಕು.

ಎಡ ಹುಬ್ಬಿನ ಮೇಲೆ ಒಂದು ಗಾಯದ ಗೆರೆ. ಕೆಂಪಗೆ, ನೆಟ್ಟಗೆ. ನಡುವೆ ಮಾತ್ರ ಸ್ವಲ್ಪ ಜಾಗ ಬಿಟ್ಟು ಮತ್ತೆ ಮುಂದುವರಿದಿತ್ತು.

“ಇದೇನಮ್ಮಾ?” ಅಂದೆ.

“ಗಾಯ.”

“ಗಾಯ ಅಂತ ನನಗೂ ಕಾಣುತ್ತೆ. ಬಿದ್ದಾಗ ಆದದ್ದಾ?”

“ಕಂಡದ್ದನ್ನ ಬರೆಯೋದು ನನ್ನ ಕೆಲಸ ಸ್ವಾಮಿ. ಅದು ಹೇಗಾಯ್ತು ಅಂತ ಬರೆಯೋ ಬಣ್ಣ ನನ್ನ ಹತ್ರ ಇಲ್ಲ.”

“ಇದನ್ನ ಯಾರೂ ಮುಚ್ಚು ಅನ್ನಲಿಲ್ವಾ?”

ಅವಳು ನಕ್ಕಳು. ಅದು ಸಂತೋಷದ ನಗುವಲ್ಲ. “ವಾರಸುದಾರ ಪಾನ್ ಸೆವೆರಿನ್ ಖುದ್ದಾಗಿ ಬಂದ್ರು. ಹಣೆ ನುಣ್ಣಗೆ ಮಾಡು ಅಂದ್ರು. ನರಹುಲಿ ಬಿಟ್ಟಿಲ್ಲ, ಮೆಳ್ಳೆಗಣ್ಣು ಬಿಟ್ಟಿಲ್ಲ, ಇದನ್ಯಾಕೆ ಬಿಡಲಿ ಅಂದೆ. ಇನ್ನು ಮೇಲೆ ಈ ಸೀಮೇಲಿ ಯಾವ ಹೆಣಾನೂ ನಿನ್ನ ಕೈಯಲ್ಲಿ ಬರೆಸಲ್ಲ ಅಂದ್ರು.”

“ಅದಕ್ಕೆ ನೀನು?”

“ಹೆಣಗಳು ಬೇರೆ ಸೀಮೇಲೂ ಇವೆ ಅಂದೆ.”

ನನಗೆ ಆ ಹೆಂಗಸಿನ ಮೇಲೆ ಪ್ರೀತಿಯೇ ಬಂತು. “ಇನ್ನೇನಾದರೂ ಗೊತ್ತಿದ್ದರೆ ಹೇಳು ತಾಯಿ. ಕೆಳಗೆ ನೆಲಮಾಳಿಗೇಲಿ ಒಬ್ಬ ಸಾಯೋಕೆ ಕೂತಿದಾನೆ.”

“ಗೊತ್ತು. ಆದರೆ ಈಗ ಹೇಳಲ್ಲ,” ಅಂದಳು. “ಯಾವಾಗ ಹೇಳಬೇಕು ಅಂತ ಒಬ್ಬರಿಗೆ ಮಾತು ಕೊಟ್ಟಿದೀನಿ.”

ಹೆದರಿದ್ದಾಳೆ ಅಂದುಕೊಂಡೆ. ಮಂಟಪದ ಕಡೆ ಬಂದೆ. ಅಲ್ಲಿ ಮಖಮಲ್ಲಿನ ದಿಂಬಿನ ಮೇಲೆ ಡೊಬ್ರೊಗೊಸ್ತರ ಗದೆ ಇಟ್ಟಿದ್ದರು. ಸೇನೆಯಲ್ಲಿ ಅವರು ಹಿಡಿಯುತ್ತಿದ್ದ, ಆರು ಅಲಗಿನ, ಚಿನ್ನದ ನೀರು ಕುಡಿಸಿದ ಗದೆ. ಸುಮ್ಮನೆ ಕೈಯಲ್ಲಿ ತಿರುಗಿಸಿದೆ. ಒಂದು ಅಲಗಿನ ನಡುವೆ ಮುಕ್ಕಾಗಿತ್ತು. ಆ ಅಲಗಿನಿಂದ ಏಟು ಬಿದ್ದರೆ ಗೆರೆ ನಡುವೆ ಜಾಗ ಬಿಡುತ್ತದೆ. ಗದೆಯನ್ನು ಇದ್ದ ಹಾಗೇ ದಿಂಬಿನ ಮೇಲಿಟ್ಟೆ.

ಕ್ರಿಯೆಯ ಕೊನೆಗೆ ಆ ಗದೆಯನ್ನೂ ಮುರಿದು ಪೆಟ್ಟಿಗೆಯ ಜೊತೆ ಹೂಳುತ್ತಾರೆ. ವಂಶದ ಕಡೆಯ ಗಂಡಸು ಸತ್ತರೆ ಅದೇ ಪದ್ಧತಿ. ಎಷ್ಟು ಚೆನ್ನಾಗಿದೆ ನೋಡಿ, ಕೊಲೆಯ ಆಯುಧವನ್ನು ಊರಿನ ಕಣ್ಣೆದುರೇ, ಮಂತ್ರ ಹೇಳಿ ಮಣ್ಣು ಮಾಡುವುದು.

ವಾಲೆಂತಿ ಇದ್ದದ್ದು ಬಲಿಪೀಠದ ಹಿಂದಿನ ನೆಲಮಾಳಿಗೆಯಲ್ಲಿ, ಹಳೆಯ ಶವಪೆಟ್ಟಿಗೆಗಳ ನಡುವೆ. ಸೆವೆರಿನ್‌ನ ಆಳುಗಳು ಅವನನ್ನು ಹೊಡೆದೇ ಕೊಲ್ಲುತ್ತಿದ್ದರು. ಪಾದ್ರಿ ಹಯಸಿಂತ್ ಅಡ್ಡ ಬಂದು, ಕ್ರಿಯೆ ಮುಗಿಯುವವರೆಗೆ ಇವನು ಚರ್ಚಿನ ರಕ್ಷಣೆಯಲ್ಲಿರಲಿ ಎಂದು ಬಿಡಿಸಿಕೊಂಡಿದ್ದರು. ಅದಕ್ಕಾಗಿ ನಾನು ಅವರ ಕೈಗೆ ಮುತ್ತಿಟ್ಟಿದ್ದೆ. ಕಿಂಡಿಯಿಂದ ವಾಲೆಂತಿಯನ್ನು ಕರೆದೆ.

“ಒಡೆಯರು ಸತ್ತ ದಿನ ಲಾಯದಲ್ಲಿ ಯಾರನ್ನ ಕಂಡ್ಯೋ? ಈಗಲಾದರೂ ಬಾಯಿ ಬಿಡು.”

“ಪಾದ್ರಿಗೋಳ್ ತಾವ ಪಾಪನಿವೇದ್ನೇಲಿ ಎಲ್ಲಾ ಹೇಳಿವ್ನಿ ಧಣಿ. ಬ್ಯಾರೆ ಯಾರ್ಗೂ ಹೇಳ್ಬ್ಯಾಡ, ಕಾಲ ಬಂದಾಗ ನಾನೇ ಹೇಳ್ತೀನಿ ಅಂದವ್ರೆ.”

“ಕಾಲ ಬರೋಷ್ಟರಲ್ಲಿ ನೀನು ಮರದಲ್ಲಿ ತೂಗಾಡ್ತಿರ್ತೀಯ.”

“ಪಾದ್ರಿಗೋಳ್ ಕೈ ಬಿಡಾಕಿಲ್ಲ ಧಣಿ.” ಕಿಂಡಿಯ ಕಡೆ ಮುಖ ಎತ್ತಿದ. “ಸಿವೆಕ್‌ಗೆ ಬಲಗಾಲ್ ಲಾಳ ಸಡ್ಲ ಆಗದೆ. ನೋಡ್ಕಳಿ.”

ತನ್ನ ಕುತ್ತಿಗೆಗೆ ಹಗ್ಗ ಬರುವ ದಿನ ಅವನಿಗೆ ಕುದುರೆಯ ಲಾಳದ ಚಿಂತೆ. ಇಂಥವನು ಒಡೆಯನ ಜೀನಿಗೆ ಕತ್ತಿ ಹಾಕುತ್ತಾನೆಯೇ? ನಾನು ಅಲ್ಲಿಂದ ಎದ್ದಾಗ ತೀರ್ಮಾನ ಆಗಿಹೋಗಿತ್ತು.

ಹೊಸ್ತಿಲಲ್ಲಿ ಕಾಯುತ್ತಿದ್ದ ಹಾಗೇ ಡೋಲು ಶುರುವಾಯಿತು. ಭರ್ಜಿ ಮುಂದೆ ಚಾಚಿ ಸಿವೆಕ್‌ನ ಪಕ್ಕೆಗೆ ಹಿಮ್ಮಡಿ ಕೊಟ್ಟೆ.

ಕಲ್ಲುನೆಲದ ಮೇಲೆ ಗೊರಸಿನ ಸದ್ದು ಏಳುತ್ತಿದ್ದಂತೆ ಜನ ಎರಡೂ ಕಡೆ ಸರಿದರು. ಹೆಂಗಸರು ಶಿಲುಬೆ ಗುರುತು ಮಾಡಿಕೊಂಡರು. ಮಂಟಪ ಹತ್ತಿರ ಬಂತು, ಪೆಟ್ಟಿಗೆಯ ತಲೆಯ ಕಡೆಯಿಂದ ಆ ಆರು ಮೂಲೆಯ ಚಿತ್ರ ನನ್ನನ್ನೇ ನೋಡುತ್ತಿತ್ತು.

ಲಗಾಮು ಎಳೆದೆ. ಸಿವೆಕ್ ನಿಂತಿತು. ಭರ್ಜಿಯನ್ನು ಮುರಿಯದೆ ಜೀನಿನ ಮೇಲೆ ಅಡ್ಡ ಇಟ್ಟುಕೊಂಡು, ಸೊಂಟದ ಮೇಲೆ ಕೈಯಿಟ್ಟು ಕೂತೆ.

ಡೋಲಿನವನು ಇನ್ನೆರಡು ಸಲ ಬಡಿದು ಸುಮ್ಮನಾದ.

ಮುಂದಿನ ಸಾಲಿನಲ್ಲಿ ಪಾನ್ ಸೆವೆರಿನ್ ಎದ್ದು ನಿಂತ. ಸತ್ತವರ ತಂಗಿಯ ಮಗ, ವಾರಸುದಾರ. ಅಪ್ಪಂದಿರ ನಿಲುವಂಗಿ ಬಿಟ್ಟು ಫ್ರೆಂಚರ ಮೇಜೋಡು, ಪುಡಿ ಹಚ್ಚಿದ ಸುಳ್ಳುಕೂದಲು ಹಾಕಿಕೊಂಡು ತಿರುಗುವವನು.

“ಏನಾಯ್ತು ಅಣ್ಣಾ? ಸೊಂಟ ಹಿಡ್ಕೊಂಡಿದೆಯಾ?”

“ಸೊಂಟ ಗಟ್ಟಿಯಾಗಿದೆ ಸೆವೆರಿನ್ ಅಣ್ಣ. ಬೀಳೋಕೆ ಮನಸ್ಸಿಲ್ಲ.”

“ಕುಡಿದಿದೀಯಾ?”

“ಕುಡಿದಿದ್ದರೆ ಇಷ್ಟೊತ್ತಿಗೆ ಬಿದ್ದಿರ್ತಿದ್ದೆ.”

ಹಿಂದಿನ ಬೆಂಚುಗಳಲ್ಲಿ ನಗು ಹಬ್ಬಿತು. ಸೆವೆರಿನ್ ಮುಖ ಕೆಂಪಾಯಿತು. ತನ್ನ ಆಳುಗಳ ಕಡೆ ತಿರುಗಿ, “ಎಳೆದು ಹಾಕಿ ಇವನನ್ನ,” ಅಂದ.

ಇಬ್ಬರು ಮುಂದೆ ಬಂದರು. ನಾನು ಕತ್ತಿಯ ಹಿಡಿಯ ಮೇಲೆ ಕೈಯಿಟ್ಟೆ. ಎಳೆಯಲಿಲ್ಲ, ದೇವರ ಮನೆ.

“ಈ ಕುದುರೆ ಮೇಲಿರೋವರೆಗೂ ನಾನು ಕುರೊಪಾತ್ವ ಅಲ್ಲ ಕಣ್ರೋ. ನಾನು ಡೊಬ್ರೊಗೊಸ್ತ್ ಗ್ರಾಬೀನ್ಸ್ಕಿ. ನನ್ನ ಅನ್ನ ತಿಂದವನು ಯಾವನು ನನ್ನ ಕಾಲು ಹಿಡಿದು ಎಳೀತಾನೋ, ಬರಲಿ, ನೋಡ್ತೀನಿ.”

ಆ ದನಿ ನನ್ನದಲ್ಲ. ಆ ಮುದುಕನ ದನಿಯನ್ನು ನಾನು ವಾರಗಟ್ಟಲೆ ಅಭ್ಯಾಸ ಮಾಡಿದ್ದೆ. ಆಳುಗಳಲ್ಲಿ ಒಬ್ಬ ತಾನಾಗಿಯೇ ಟೋಪಿ ತೆಗೆದ. ಇನ್ನೊಬ್ಬ ಹಿಂದೆ ಸರಿದ. ಸತ್ತವನನ್ನು ಕೈ ಹಾಕಿ ಕೆಡವಿದ ಎಂಬ ಮಾತು ಏಳು ತಲೆಮಾರು ಬಿಡುವುದಿಲ್ಲ, ಅದು ಅವರಿಗೂ ಗೊತ್ತು.

“ಬೊನಿಫಾತ್ಸಿ,” ಪಾದ್ರಿ ಹಯಸಿಂತ್ ಬಲಿಪೀಠದಿಂದ ಮೆಲ್ಲಗೆ ಕರೆದರು. ಬೆಣ್ಣೆಯಂಥ ದನಿ ಅವರದು. “ಮಗನೇ, ಇದು ಪ್ರಾರ್ಥನೆಯ ಹೊತ್ತು. ಏನಿದ್ದರೂ ಆಮೇಲೆ ಮಾತಾಡೋಣ.”

“ಆಮೇಲೆ ಅಂದರೆ ವಾಲೆಂತಿ ಇರಲ್ಲ ಗುರುಗಳೇ. ಈಗಲೇ ಆಗಬೇಕು.” ನಾನು ಜನರ ಕಡೆ ತಿರುಗಿದೆ. “ಅಣ್ಣಂದಿರಾ, ಒಂದು ಕೇಳ್ತೀನಿ. ಆ ದಿನ ಸಿವೆಕ್ ಒಂಟಿಯಾಗಿ ಮನೆಗೆ ಓಡಿ ಬಂದದ್ದನ್ನ ಯಾರು ಕಂಡಿರಿ?”

“ನಾನೇ ಕಂಡೆ,” ಒನುಫ್ರಿ ಅಂದ. “ಅಂಗಳದಲ್ಲೇ ಇದ್ದೆ. ಊಟಕ್ಕೆ ಅಂತ ಬಂದಿದ್ದೆ.”

“ನೀನು ಇನ್ಯಾತಕ್ಕೆ ಬರ್ತೀಯ. ಜೀನು ಎಲ್ಲಿತ್ತು?”

“ಎಲ್ಲಿರುತ್ತೆ, ಬೆನ್ನ ಮೇಲೆ.”

“ಹೊಟ್ಟೆಪಟ್ಟಿ ಕೊಯ್ದ ಜೀನು ಬೆನ್ನ ಮೇಲೆ ಹೇಗೆ ನಿಲ್ಲುತ್ತೆ ಅಣ್ಣಾ? ಸವಾರನ ಜೊತೆ ಅದೂ ಬಿದ್ದು ಕಾಡಲ್ಲೇ ಉಳೀಬೇಕಿತ್ತು. ಬೀಳೋದು ನನ್ನ ಹೊಟ್ಟೆಪಾಡು, ಇದನ್ನ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.”

ಸಾಲುಗಳಲ್ಲಿ ಗುಸುಗುಸು ಎದ್ದಿತು.

“ಕುದುರೆ ಮನೆಗೆ ಬಂದ ಮೇಲೆ, ಲಾಯದಲ್ಲಿ, ಯಾರೋ ಪಟ್ಟಿ ಕೊಯ್ದರು. ವಾಲೆಂತಿ ತಲೆಗೆ ಕಟ್ಟೋಕೆ. ಯಾಕೆ? ಡೊಬ್ರೊಗೊಸ್ತ್ ಸತ್ತದ್ದು ಬಿದ್ದದ್ದರಿಂದ ಅಲ್ಲ, ಅದಕ್ಕೆ. ಆ ಚಿತ್ರದ ಹಣೆ ನೋಡಿ. ಬಿದ್ದ ಗಾಯ ಹೀಗೆ ನೆಟ್ಟಗೆ ಇರಲ್ಲ, ತರಚುತ್ತೆ, ಹರಡುತ್ತೆ. ನನ್ನ ಮೈಮೇಲೆ ಎಷ್ಟು ಬೇಕಾದರೂ ಇವೆ, ಬಿಚ್ಚಿ ತೋರಿಸಲಾ?”

“ಹೆಂಗಸರಿದಾರೆ,” ಯಾರೋ ಗೊಣಗಿದರು.

“ಗುರುಗಳೇ, ಆ ದಿಂಬಿನ ಮೇಲಿರೋ ಗದೆ ತಗೊಂಡು ಮುಕ್ಕಾದ ಅಲಗನ್ನ ಆ ಗೆರೆಯ ಮೇಲೆ ಇಟ್ಟು ತೋರಿಸಿ.”

ಪಾದ್ರಿ ಗದೆ ನೋಡಿದರು. ಮುಟ್ಟಲಿಲ್ಲ. “ಇದು ದೇವರ ಮನೆ, ಕಚೇರಿಯಲ್ಲ.”

“ನಾನು ಇಡ್ತೀನಿ, ಈ ಜನ್ಮದಲ್ಲಿ ಊಟ ಸಿಗೋ ಹಾಗೆ ಕಾಣ್ತಿಲ್ಲ,” ಎಂದು ಒನುಫ್ರಿ ಏದುಸಿರು ಬಿಡುತ್ತ ಮಂಟಪದ ಮೆಟ್ಟಿಲು ಹತ್ತಿದ. ಅಲಗನ್ನು ಚಿತ್ರದ ಹಣೆಗೆ ಒತ್ತಿದ. ಬಗ್ಗಿ ನೋಡಿದ. ಅವನ ತಮಾಷೆಯೆಲ್ಲ ಮುಖದಿಂದ ಇಳಿದುಹೋಯಿತು.

“ಸರಿಯಾಗಿ ಕೂರುತ್ತೆ,” ಅಂದ. “ಮುಕ್ಕು ಇರೋ ಕಡೆನೇ ಗೆರೆ ಇಲ್ಲ.”

ಈಗ ಸೆವೆರಿನ್ ಸಿಕ್ಕಿಬಿದ್ದ ಅಂದುಕೊಂಡೆ. ಭರ್ಜಿಯ ತುದಿಯನ್ನು ಅವನ ಎದೆಯ ಕಡೆ ತಿರುಗಿಸಿದೆ.

“ಹೇಳು ಅಣ್ಣಾ. ಹಣೆ ನುಣ್ಣಗೆ ಮಾಡು ಅಂತ ಚಿತ್ರಗಾರ್ತಿಯ ಹತ್ತಿರ ಹೋದದ್ದು ಯಾರು? ಮಾವನ ಗದೆ ಮನೆಯಲ್ಲಿ ಯಾರ ಕೈಗೆಟಕುವ ಜಾಗದಲ್ಲಿತ್ತು?”

ಸೆವೆರಿನ್ ನನ್ನನ್ನು ನೋಡಿದ ರೀತಿ ನಾನು ಎಣಿಸಿದ್ದಲ್ಲ. ಅವನು ಹೆದರಲಿಲ್ಲ. ಬೆಪ್ಪನನ್ನು ನೋಡಿದ ಹಾಗೆ ನೋಡಿದ.

“ಮನೆಯಲ್ಲಾ? ಬೇಸಿಗೆಯಲ್ಲೇ ಮಾವ ಆ ಗದೆಯನ್ನ ಹರಕೆ ಅಂತ ಈ ಚರ್ಚಿಗೆ ಕೊಟ್ರು. ಅವತ್ತಿನಿಂದ ಅದು ಇಲ್ಲೇ, ಬಲಿಪೀಠದ ಪಕ್ಕದ ಗೋಡೆ ಮೇಲಿತ್ತು. ಇವತ್ತು ಬೆಳಗ್ಗೆ ಇಳಿಸಿದ್ದು.” ಅವನು ಸುಳ್ಳುಕೂದಲು ಸರಿ ಮಾಡಿಕೊಂಡ. “ಇನ್ನು ಹಣೆಯ ಮಾತು. ನಾನು ಹೋದದ್ದು ನಿಜ. ಹೋಗು ಅಂದವರು ಗುರುಗಳು. ಗಾಯ ತೋರಿಸಿದರೆ ಸತ್ತವರಿಗೆ ಅವಮಾನ ಅಂತ.”

ನನ್ನ ಕೈಯಲ್ಲಿದ್ದ ಭರ್ಜಿ ತಾನಾಗಿಯೇ ಕೆಳಗಿಳಿಯಿತು.

ನಾನು ಪಾದ್ರಿಯ ಕಡೆ ನೋಡಿದೆ. ಜನರೂ ನೋಡಿದರು. ಅವರು ಪ್ರಾರ್ಥನೆಯ ಪುಸ್ತಕವನ್ನು ಎದೆಗೆ ಹಿಡಿದು ನಿಂತಿದ್ದರು. ಚಿತ್ರದ ಎದುರಿಗೇ ನಿಂತಿದ್ದರೂ, ಬೆಳಗಿನಿಂದ ಒಮ್ಮೆಯೂ ಅವರು ಅದರ ಕಡೆ ಕಣ್ಣೆತ್ತಿರಲಿಲ್ಲ. ಅದು ನನಗೆ ಆಗ ಹೊಳೆಯಿತು. ಆ ಕೈಗೆ ಮುತ್ತಿಟ್ಟದ್ದು ನೆನಪಾಗಿ ನನ್ನ ಮೇಲೆ ನನಗೇ ಅಸಹ್ಯವಾಯಿತು.

“ಈಗ ಹೇಳ್ತೀನಿ,” ಎಂದು ಒಂದು ದನಿ ಬಂತು.

ಉರ್ಶುಲಾ ಕಂಬದ ಮರೆಯಿಂದ ಈಚೆ ಬಂದಳು. ತಲೆಗೆ ಸುತ್ತಿದ್ದ ಕಪ್ಪು ವಸ್ತ್ರವನ್ನು ಹಿಂದಕ್ಕೆ ತಳ್ಳಿ, ಕುಲೀನರ ನಡುವಿನ ದಾರಿಯಲ್ಲಿ, ಪಟ್ಟಣದ ಹೆಂಗಸು ಎಂದೂ ನಿಲ್ಲದ ಜಾಗದಲ್ಲಿ ನಿಂತಳು.

“ನಾನು ಹೆಣ ನೋಡಿ ಬರೆದದ್ದಲ್ಲ. ಅವರು ಜೀವಂತವಾಗಿ ನನ್ನೆದುರು ಕೂತಿದ್ರು. ಕುದುರೆಯೇರಿ ಹೋಗಿ ಸತ್ತರಲ್ಲ, ಅದರ ಹಿಂದಿನ ದಿನ. ತಮ್ಮ ಪೆಟ್ಟಿಗೆಗೆ ಚಿತ್ರ ತಾವೇ ನೋಡಿ ಬರೆಸಬೇಕು ಅಂತ ನನ್ನನ್ನ ಮೊದಲೇ ಕರೆಸಿದ್ರು. ಬಂದು ಕೂತಾಗ ಹಣೆಯಿಂದ ಇನ್ನೂ ರಕ್ತ ಒಸರ್ತಿತ್ತು. ಮಧ್ಯೆ ಮಧ್ಯೆ ಕಣ್ಣು ಕತ್ತಲೆ ಬರುತ್ತೆ ಅಂತಿದ್ರು. ವೈದ್ಯರನ್ನ ಕರೆಸಿ ಅಂದೆ. ಸುಮ್ಮನೆ ಬರಿ ಅಂದ್ರು.”

“ಇನ್ನೇನು ಅಂದರಮ್ಮಾ?” ಕೇಳಿದೆ.

“ಈ ಗಾಯ ಬಿಡಬೇಡ ಅಂದ್ರು. ಯಾರು ಮುಚ್ಚು ಅಂದರೂ ಮುಚ್ಚಬೇಡ. ನಾನು ಸತ್ತ ದಿನ ಹೊಡೆದವನು ಇದರ ಎದುರೇ ನಿಂತು ನನ್ನ ಸದ್ಗತಿಗೆ ಪ್ರಾರ್ಥನೆ ಹೇಳಬೇಕು, ಹೇಗೆ ಹೇಳ್ತಾನೋ ನಾನೂ ನೋಡ್ತೀನಿ ಅಂದು ನಕ್ಕರು. ಆ ದಿನ ಇಷ್ಟು ಬೇಗ ಬರುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ. ಎಲ್ಲರೂ ಚರ್ಚಲ್ಲಿ ಸೇರಿದಾಗಲೇ ಹೇಳು, ಒಬ್ಬೊಬ್ಬರಿಗೆ ಹೇಳಿದರೆ ನಿನ್ನ ಬಾಯಿ ಮುಚ್ಚಿಸ್ತಾರೆ ಅಂತ ಮಾತು ತಗೊಂಡ್ರು.”

“ಯಾಕೆ ಹೊಡೆದನಂತೆ?” ಒನುಫ್ರಿ ಮಂಟಪದ ಮೇಲಿಂದಲೇ ಕೇಳಿದ. ಅವನ ಕೈಯಲ್ಲಿ ಗದೆ ಇನ್ನೂ ಇತ್ತು.

ಉರ್ಶುಲಾ ಮೇಲೆ ಕೈ ತೋರಿಸಿದಳು. “ಆ ಗುಮ್ಮಟಕ್ಕೆ. ಒಳಗೆ ಬಿರುಕು ಬಿಟ್ಟಿದೆಯಂತೆ. ಗಾರೆಯ ಹೂವು, ಹೃದಯ ಎಲ್ಲ ಅಂಟಿಸಿ ಮುಚ್ಚಿದಾರಂತೆ. ಜನರ ತಲೆ ಮೇಲೆ ಬೀಳೋ ಮುಂಚೆ ಕೆಡವಿಸ್ತೀನಿ ಅಂದ್ರಂತೆ ಇವರು. ಕಟ್ಟಿಸಿದವರಿಗೆ ಅದು ತಡೀಲಿಲ್ಲ.”

ಊರಿಗೆ ಊರೇ ತಲೆಯೆತ್ತಿ ನೋಡಿತು. ಪಾದ್ರಿ ಹಯಸಿಂತ್ ತಾವೇ ಕಟ್ಟಿಸಿ, ಪೋಲೆಂಡಿನಲ್ಲೇ ಇಂಥ ಗುಮ್ಮಟ ಇಲ್ಲ ಎಂದು ಪ್ರತಿ ಭಾನುವಾರ ಹೇಳುತ್ತಿದ್ದ ಗುಮ್ಮಟ. ಅದರ ನೇರ ಕೆಳಗೆ ನಿಂತಿದ್ದವರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು.

ನಾವೆಲ್ಲ ಮೇಲೆ ನೋಡುತ್ತಿದ್ದಾಗ ಪಾದ್ರಿ ಪುಸ್ತಕ ಮುಚ್ಚಿಟ್ಟು ನಡೆದರು. ಓಡಲಿಲ್ಲ, ಗಾಬರಿಪಡಲಿಲ್ಲ. ಬಲಿಪೀಠದ ದೊಡ್ಡ ಬತ್ತಿಯ ಕಂಬವೊಂದನ್ನು ಕೈಗೆತ್ತಿಕೊಂಡು, ಹಿಂದಿನ ಗಿಡ್ಡ ಬಾಗಿಲು ತೆರೆದು ಕೆಳಗಿಳಿದರು. ಹಿತ್ತಾಳೆಯ ಕಂಬ, ಮೊಳಕ್ಕಿಂತ ಉದ್ದ, ತುಂಬ ಭಾರ.

ಆ ಬಾಗಿಲು ನೆಲಮಾಳಿಗೆಯದು.

ವಾಲೆಂತಿ ಲಾಯದಲ್ಲಿ ಕಂಡದ್ದನ್ನು ಈ ಲೋಕದಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದ. ಪಟ್ಟಿ ಕೊಯ್ಯುತ್ತಿದ್ದವನ ಬೆನ್ನು ಮಾತ್ರ ಕಂಡಿರಬೇಕು, ಯಾರ ಬೆನ್ನು ಅದು ಎಂದು ಅವನಿಗೆ ಗೊತ್ತಾಗಿರಲಿಲ್ಲವೋ ಏನೋ. ಆ ಬೆನ್ನಿನವನ ಕಿವಿಗೇ ಹೇಳಿದ್ದ. ಈಗ ಅವನ ಕಾಲಿಗೆ ಸರಪಳಿ, ಸುತ್ತ ಹೆಣದ ಪೆಟ್ಟಿಗೆಗಳು.

“ಹಿಡೀರಿ ಅವನನ್ನ,” ನಾನು ಅರಚಿದೆ. “ಕೆಳಗೆ ವಾಲೆಂತಿ ಇದಾನೆ.”

ಗಿಡ್ಡ ಬಾಗಿಲಿನ ಮುಂದೆ ಸೆವೆರಿನ್‌ನ ಆಳುಗಳಿದ್ದರು. ಕದಲಲಿಲ್ಲ. ಉರ್ಶುಲಾ ಓಡಿಹೋಗಿ ಅವರ ಎದೆಗೆ ಗುದ್ದಿದಳು. ಒಬ್ಬ ಅವಳನ್ನು ತಳ್ಳಿ ಬೀಳಿಸಿದ. ಒನುಫ್ರಿ ಮಂಟಪದಿಂದ ಇಳಿಯಲು ನೋಡಿ ಮೆಟ್ಟಿಲಲ್ಲಿ ಎಡವಿದ. ಉಳಿದ ಅಣ್ಣಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಪಾದ್ರಿಯ ಮೇಲೆ ಕೈ ಮಾಡಿದವನಿಗೆ ಧರ್ಮಬಹಿಷ್ಕಾರ, ಕೂತ ಕಡೆ ನೀರೂ ಸಿಗುವುದಿಲ್ಲ.

“ಸೆವೆರಿನ್, ನಿನ್ನ ಆಳುಗಳನ್ನ ಸರಿಸು. ನಿನ್ನ ಮಾವನ್ನ ಕೊಂದವನು ಅವನು.”

“ಇರಬಹುದು,” ಸೆವೆರಿನ್ ಅಂದ. ಕುದುರೆಯ ಹತ್ತಿರ ಬಂದು, ನನಗೆ ಮಾತ್ರ ಕೇಳುವ ಹಾಗೆ ದನಿ ತಗ್ಗಿಸಿದ. “ಅವನ ಮೇಲೆ ಕೈ ಹಾಕಿದರೆ ಬಿಷಪ್ಪು ಬರ್ತಾನೆ. ವರ್ಷಗಟ್ಟಲೆ ವಿಚಾರಣೆ. ಅಲ್ಲೀವರೆಗೂ ಹೆಣ ಇಲ್ಲೇ, ಮುದ್ರೆ ಒಡೆಯೋ ಹಾಗಿಲ್ಲ, ಜಮೀನು ನನ್ನದಲ್ಲ. ಒಬ್ಬ ಲಾಯದವನಿಂದ ಎಲ್ಲ ಮುಗಿಯುತ್ತೆ ಅಂದರೆ ನಾನ್ಯಾಕೆ ಅಡ್ಡ ಬರಲಿ ಅಣ್ಣಾ? ಕೆಳಗೆ ಅವನೇ ಮುಗಿಸಿದರೆ ನನಗೆ ಹಗ್ಗದ ಕೆಲಸವೂ ಉಳೀತು.”

“ದಾರಿ ಬಿಡು.”

“ಬಿಡ್ತೀನಿ. ಕತ್ತಿ ಕಟ್ಟಿದವನನ್ನ ನನ್ನ ಆಳುಗಳು ತಡೆಯಲ್ಲ. ಇಳಿದು ಬಾ.” ಅವನು ಸಿವೆಕ್‌ನ ಕುತ್ತಿಗೆ ಸವರಿದ. “ಆದರೆ ನೀನು ಇಳಿದರೂ ಬಿದ್ದ ಹಾಗೇ. ನಿನ್ನ ಕಾಲು ನೆಲಕ್ಕೆ ತಾಗಿತೋ, ಮಾವ ಸತ್ತರು, ಮುದ್ರೆ ಒಡೀತೀನಿ, ಇಲ್ಲಿ ಒಡೆಯ ನಾನು. ಕೆಳಗಿಂದ ಅವನನ್ನ ಜೀವಂತ ತಂದರೆ ಆ ಮರಕ್ಕೆ ಹಾಕ್ತೀನಿ. ನೋಡು, ಯಾವುದು ಬೇಕೋ ಆರಿಸಿಕೋ.”

ಕುದುರೆಯನ್ನು ಆ ಬಾಗಿಲಿನತ್ತ ತಿರುಗಿಸಿದೆ. ಆಳುಗಳು ನಿಜವಾಗಿಯೂ ಪಕ್ಕಕ್ಕೆ ಸರಿದರು. ಬಾಗಿಲು ನನ್ನ ಮಂಡಿಯ ಎತ್ತರಕ್ಕೆ ಬಂತು. ಸವಾರನಿರಲಿ, ಸವಾರನಿಲ್ಲದ ಸಿವೆಕ್ ಕೂಡ ಅದರಲ್ಲಿ ತೂರುವಂತಿರಲಿಲ್ಲ. ಕೆಳಗೆ ಬೆಳಕೊಂದು ಅಲುಗಾಡುತ್ತ ಮೆಟ್ಟಿಲಿಳಿಯುತ್ತಿತ್ತು.

“ಪಾದ್ರಿಗೋಳಾ? ಬಂದ್ರಾ?” ವಾಲೆಂತಿಯ ದನಿ. ಅದರಲ್ಲಿ ಹೆದರಿಕೆ ಇರಲಿಲ್ಲ, ಬಿಡುಗಡೆಯ ಸಂತೋಷ ಇತ್ತು. “ಕಾಲ ಬಂತಾ ಸ್ವಾಮಿ?”

ಇಡೀ ಚರ್ಚು ನನ್ನ ಬೂಟುಗಳನ್ನೇ ನೋಡುತ್ತಿತ್ತು. ಸೆವೆರಿನ್ ಮುದ್ರೆಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿ ಹಿಡಿದಿದ್ದ.

ಮೊದಲು ವಾಲೆಂತಿಯ ಜೀವ, ಹಗ್ಗದ ಲೆಕ್ಕ ಆಮೇಲೆ. ನಾನು ಕತ್ತಿ ಎಳೆದು, ಬಲಗಾಲನ್ನು ಜೀನಿಗೆ ತೂಗಿದ ರಿಕಾಪಿನಿಂದ ತೆಗೆದೆ.